ಹಾಟ್ ಟಬ್ ಖರೀದಿ: ಅಂಗಡಿಯ ಮಾತು, ಫಲಕದ ಅಂಕಿ

ಅಮೆರಿಕದ ಮನೆಗಳ ಹಿತ್ತಿಲಲ್ಲಿ ಕಾಣುವ ಹಾಟ್ ಟಬ್ ಎಂದರೆ ನಾಲ್ಕರಿಂದ ಏಳು ಜನ ಕತ್ತಿನವರೆಗೆ ಮುಳುಗಿ ಕೂರಬಹುದಾದ, ಸಾವಿರದಿಂದ ಸಾವಿರದ ಎಂಟುನೂರು ಲೀಟರಿನಷ್ಟು ನೀರು ಹಿಡಿಯುವ, ಆ ನೀರನ್ನು ಹಗಲಿರುಳೂ ಬಿಸಿಯಾಗಿಯೂ ಶುದ್ಧವಾಗಿಯೂ ಇಡಲು ಬೇಕಾದ ಹೀಟರು, ಪಂಪು, ಫಿಲ್ಟರುಗಳನ್ನು ತನ್ನೊಳಗೇ ಅಡಗಿಸಿಕೊಂಡಿರುವ ತೊಟ್ಟಿ. ಬಚ್ಚಲುಮನೆಯ ತೊಟ್ಟಿಯ ನೀರನ್ನು ಪ್ರತಿ ಸ್ನಾನದ ನಂತರ ಹರಿಯಬಿಡಲಾಗುತ್ತದೆ. ಹಾಟ್ ಟಬ್ಬಿನ ನೀರಾದರೋ ಎರಡು ಮೂರು ತಿಂಗಳು ಅದರಲ್ಲೇ ಉಳಿಯುತ್ತದೆ. ಅದರ ಬೆಲೆ, ಕರೆಂಟಿನ ಖರ್ಚು, ರಿಪೇರಿಯ ತೊಡಕು, ಆರೋಗ್ಯದ ಅಪಾಯಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ. ಕೊಳ್ಳುವವರು ಅಂಗಡಿಯಲ್ಲಿ ನೋಡುವುದು ದೀಪದ ಬೆಳಕಿನಲ್ಲಿ ಹೊಳೆಯುವ ಅಕ್ರಿಲಿಕ್ ತೊಟ್ಟಿಯನ್ನು. ಮನೆಗೆ ತರುವುದು ಮಳೆ, ಹಿಮ, ಬಿಸಿಲುಗಳ ನಡುವೆ ಹತ್ತು ಹದಿನೈದು ವರ್ಷ ಓಡಬೇಕಾದ ಯಂತ್ರವನ್ನು. ಮಾರುವವರ ಮಾತು ಸಾಮಾನ್ಯವಾಗಿ ತೊಟ್ಟಿಯ ಸುತ್ತಲೇ ಸುತ್ತುವುದರಿಂದ, ಯಂತ್ರದ ಕುರಿತ ಪ್ರಶ್ನೆಗಳನ್ನು ಕೊಳ್ಳುವವರೇ ಎತ್ತಬೇಕಾಗುತ್ತದೆ.

ಇಂದಿನ ಹಾಟ್ ಟಬ್ಬಿಗೆ ಎರಡು ಮೂಲಗಳಿವೆ. ಇಟಲಿಯಿಂದ ವಲಸೆ ಬಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೊದಲು ವಿಮಾನದ ಪ್ರೊಪೆಲ್ಲರುಗಳನ್ನೂ ಆಮೇಲೆ ಕೃಷಿ ಪಂಪುಗಳನ್ನೂ ತಯಾರಿಸುತ್ತಿದ್ದ ಜಕೂಜಿ ಕುಟುಂಬವು, ಕೀಲುವಾತದಿಂದ ನರಳುತ್ತಿದ್ದ ಮನೆಯ ಹುಡುಗನೊಬ್ಬನಿಗಾಗಿ ಸ್ನಾನದ ತೊಟ್ಟಿಯೊಳಗೆ ಇಳಿಬಿಡಬಹುದಾದ ಪಂಪೊಂದನ್ನು ರೂಪಿಸಿತು. ಅದೇ ಮನೆತನದ ರಾಯ್ ಜಕೂಜಿ 1968ರಲ್ಲಿ ನೀರು ಚಿಮ್ಮಿಸುವ ಜೆಟ್ಟುಗಳನ್ನು ತೊಟ್ಟಿಯ ಗೋಡೆಯಲ್ಲೇ ಅಳವಡಿಸಿ ಮಾರುಕಟ್ಟೆಗೆ ತಂದರು. ಇನ್ನೊಂದು ಮೂಲ, ಸಾಂತಾ ಬಾರ್ಬರಾದ ಸುತ್ತಮುತ್ತ 1960ರ ದಶಕದ ಯುವಜನರು ದ್ರಾಕ್ಷಾರಸದ ಹಳೆಯ ಮರದ ಪೀಪಾಯಿಗಳಲ್ಲಿ ಬಿಸಿನೀರು ತುಂಬಿಸಿ ಕೂರುತ್ತಿದ್ದ ರೂಢಿ. ಒಂದು ಚಿಕಿತ್ಸೆಯ ಕವಲು, ಇನ್ನೊಂದು ಸುಖದ ಕವಲು. ಮಾರಾಟದ ಭಾಷೆಯಲ್ಲಿ ಎರಡೂ ಇಂದಿಗೂ ಬೆರೆತಿವೆ: ಬೆಚ್ಚನೆಯ ನೀರು ಬಿಗಿದ ಸ್ನಾಯುಗಳಿಗೂ ನೋಯುವ ಕೀಲುಗಳಿಗೂ ತಾತ್ಕಾಲಿಕ ಆರಾಮ ಕೊಡುತ್ತದೆ ಎಂಬ ನಿಜಸಂಗತಿಯ ಬೆನ್ನಿಗೇ, ತೂಕ ಇಳಿಯುತ್ತದೆ, ದೇಹದ ವಿಷವೆಲ್ಲ ಹೊರಹೋಗುತ್ತದೆ ಎಂಬಂಥ ಆಧಾರವಿಲ್ಲದ ಮಾತುಗಳೂ ಬರುತ್ತವೆ. ಮೊದಲನೆಯದನ್ನು ನಂಬಿ ಎರಡನೆಯದನ್ನು ಬಿಟ್ಟುಬಿಡುವುದು ಕ್ಷೇಮ.

ಅಂಗಡಿಗೆ ಹೋಗುವ ಮೊದಲೇ ತೀರ್ಮಾನವಾಗಬೇಕಾದ ಸಂಗತಿಗಳಲ್ಲಿ ತೂಕವೂ ವಿದ್ಯುತ್ತೂ ಮುಖ್ಯವಾದವು. ನಡುಗಾತ್ರದ ಟಬ್ಬೊಂದು 350 ಗ್ಯಾಲನ್, ಅಂದರೆ ಸುಮಾರು 1325 ಲೀಟರ್ ನೀರು ಹಿಡಿಯುತ್ತದೆ. ಆ ನೀರಿನ ತೂಕವೇ 1325 ಕಿಲೋ. ಅದಕ್ಕೆ ಖಾಲಿ ಟಬ್ಬಿನ ಮುನ್ನೂರೈವತ್ತು ಕಿಲೋ, ಒಳಗೆ ಕೂರುವ ಐದು ಜನರ ತೂಕ ಸೇರಿದರೆ ಎರಡು ಸಾವಿರ ಕಿಲೋ ದಾಟುತ್ತದೆ. ಏಳು ಅಡಿ ಉದ್ದ, ಏಳು ಅಡಿ ಅಗಲದ ಜಾಗದ ಮೇಲೆ ಇಷ್ಟು ಭಾರ ಕೂತರೆ ಚದರ ಅಡಿಗೆ ತೊಂಬತ್ತು ಪೌಂಡಿಗಿಂತ ಹೆಚ್ಚು ಹೊರೆ ಬೀಳುತ್ತದೆ. ಅಮೆರಿಕದ ಮನೆಗಳ ಹಿಂಬದಿಯ ಮರದ ಡೆಕ್ಕುಗಳನ್ನು ಸಾಮಾನ್ಯವಾಗಿ ಚದರ ಅಡಿಗೆ 40 ಪೌಂಡಿನ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಡೆಕ್ಕಿನ ಮೇಲೆ ಇಡಬಹುದು ಎಂದು ಮಾರಾಟಗಾರರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಸ್ಟ್ರಕ್ಚರಲ್ ಇಂಜಿನಿಯರೊಬ್ಬರು ನೋಡಿ ಹೇಳಬೇಕು, ಇಲ್ಲವೇ ನೆಲದ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಹಾಸು ಹೊಯ್ಯಬೇಕು. ನಗರಾಡಳಿತದ ಪರವಾನಗಿ, ಬಡಾವಣೆಯ ನಿವಾಸಿ ಸಂಘದ ಒಪ್ಪಿಗೆ, ಟಬ್ಬನ್ನು ಮಗ್ಗುಲಿಗೆ ನಿಲ್ಲಿಸಿ ಉರುಳಿಸಿಕೊಂಡು ಬರಲು ಸಾಕಾಗುವಷ್ಟು ಅಗಲದ ಪಕ್ಕದ ಗೇಟು, ಇವುಗಳಲ್ಲಿ ಒಂದು ಇಲ್ಲದಿದ್ದರೂ ಕೆಲಸ ನಿಲ್ಲುತ್ತದೆ. ಗೇಟಿನಲ್ಲಿ ಹಿಡಿಸದ ಟಬ್ಬನ್ನು ಮನೆಯ ಮೇಲಿಂದ ಕ್ರೇನಿನಲ್ಲಿ ಇಳಿಸಬೇಕಾದಾಗ ಅದರ ಬಾಡಿಗೆ ಕೊಂಡವರ ತಲೆಗೇ ಬರುತ್ತದೆ.

ವಿದ್ಯುತ್ತಿನ ವಿಷಯ ಇನ್ನಷ್ಟು ವಿವರಣೆಯನ್ನು ಬೇಡುತ್ತದೆ. ಅಮೆರಿಕದ ಮನೆಗಳಲ್ಲಿ ಸಾಧಾರಣ ಪ್ಲಗ್ಗಿಗೆ ಬರುವುದು 120 ವೋಲ್ಟು. ಅಂಥ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿ ಓಡಿಸುವ ಟಬ್ಬುಗಳೂ ಇವೆ, 240 ವೋಲ್ಟಿನ ಪ್ರತ್ಯೇಕ ಲೈನು ಬೇಡುವ ಟಬ್ಬುಗಳೂ ಇವೆ. ಮೊದಲನೆಯವು ಅಗ್ಗ, ಜೋಡಿಸುವುದೂ ಸುಲಭ. ಆದರೆ 15 ಆಂಪಿಯರಿನ ಲೈನು ಕೊಡಬಲ್ಲ ಶಕ್ತಿ ಒಟ್ಟು 1800 ವಾಟ್ ಮಾತ್ರವಾದ್ದರಿಂದ, ಅಂಥ ಟಬ್ಬುಗಳಲ್ಲಿ ಜೆಟ್ಟುಗಳು ರಭಸದಿಂದ ಓಡುವಾಗ ಹೀಟರು ಆರಿರುತ್ತದೆ. 1325 ಲೀಟರ್ ನೀರನ್ನು 15 ಡಿಗ್ರಿ ಸೆಲ್ಸಿಯಸ್ಸಿನಿಂದ 40 ಡಿಗ್ರಿಗೆ ಏರಿಸಲು ಸುಮಾರು 38 ಯೂನಿಟ್ ವಿದ್ಯುತ್ ಬೇಕು, 5.5 ಕಿಲೋವಾಟಿನ ಹೀಟರಿರುವ 240 ವೋಲ್ಟಿನ ಟಬ್ಬು ಇದನ್ನು ಏಳು ಗಂಟೆಯಲ್ಲಿ ಮುಗಿಸಿದರೆ, ಒಂದು ಕಿಲೋವಾಟಿನ ಹೀಟರಿಗೆ ಒಂದೂವರೆ ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ಚಳಿಗಾಲದಲ್ಲಿ ಮುಚ್ಚಳ ತೆಗೆದು ಕೂತಾಗ ನೀರು ತಣ್ಣಗಾಗುತ್ತಲೇ ಹೋಗುವುದು ಇದೇ ಕಾರಣಕ್ಕೆ. ಬೆಚ್ಚನೆಯ ಫ್ಲಾರಿಡಾದಲ್ಲಿ ಇದು ದೊಡ್ಡ ಕೊರತೆಯೆನಿಸದು. ಮಿನೆಸೋಟದಲ್ಲಿ ಕೊಂಡ ಉದ್ದೇಶವೇ ಕೆಡುತ್ತದೆ. ಇನ್ನು 240 ವೋಲ್ಟಿನ ಟಬ್ಬಿಗೆ 40, 50 ಅಥವಾ 60 ಆಂಪಿಯರಿನ ಲೈನನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಎಳೆಯಬೇಕು. ನೀರಿಗೋ ಮೈಗೋ ಕರೆಂಟು ಸೋರಿದ ತಕ್ಷಣ ಗುರುತಿಸಿ ಸರಬರಾಜು ಕಡಿಯುವ ಜಿಎಫ್‌ಸಿಐ ಎಂಬ ರಕ್ಷಣಾ ಬ್ರೇಕರ್ ಇರಲೇಬೇಕು. ಸರಬರಾಜನ್ನು ಪೂರ್ತಿ ಕಡಿಯುವ ಸ್ವಿಚ್ಚು ಟಬ್ಬಿನಿಂದ ಕಣ್ಣಿಗೆ ಕಾಣುವ ಜಾಗದಲ್ಲಿ, ಆದರೆ ನೀರಿನಿಂದ ಕನಿಷ್ಠ 5 ಅಡಿ ದೂರದಲ್ಲಿ ಇರಬೇಕೆಂದು ರಾಷ್ಟ್ರೀಯ ವಿದ್ಯುತ್ ಸಂಹಿತೆ ಹೇಳುತ್ತದೆ. ಈ ಕೆಲಸದ ಖರ್ಚು ಟಬ್ಬಿನ ಬೆಲೆಯಲ್ಲಿ ಸೇರಿರುವುದು ಅಪರೂಪ.

ಶೋರೂಮಿನಲ್ಲಿ ಅತಿ ಹೆಚ್ಚು ಕೇಳಿಬರುವ ಅಂಕಿಗಳು ಜೆಟ್ಟುಗಳ ಸಂಖ್ಯೆ ಮತ್ತು ಪಂಪಿನ ಅಶ್ವಶಕ್ತಿ. ಕೊಳ್ಳುವವರಿಗೆ ಅತಿ ಕಡಿಮೆ ನೆರವಾಗುವ ಅಂಕಿಗಳೂ ಇವೇ. ಒಂದೇ ಪಂಪಿನ ನೀರನ್ನು ಇಪ್ಪತ್ತೈದು ಜೆಟ್ಟುಗಳಿಗೆ ಹಂಚಿದಾಗ ಬೆನ್ನಿಗೆ ತಾಗುವ ಒತ್ತಡ ಅದನ್ನೇ ಅರುವತ್ತು ಜೆಟ್ಟುಗಳಿಗೆ ಹಂಚಿದಾಗ ಉಳಿಯುವುದಿಲ್ಲ. ಅಶ್ವಶಕ್ತಿಯ ಲೆಕ್ಕವನ್ನಂತೂ ಯಾರು ಬೇಕಾದರೂ ನಿಂತಲ್ಲೇ ಪರೀಕ್ಷಿಸಬಹುದು. ಒಂದು ಅಶ್ವಶಕ್ತಿಗೆ 746 ವಾಟ್; ಪಂಪಿನ ಮೋಟಾರಿಗೆ ಅಂಟಿಸಿರುವ ಲೋಹದ ಫಲಕದಲ್ಲಿ ವೋಲ್ಟು ಮತ್ತು ಆಂಪಿಯರು ಬರೆದಿರುತ್ತದೆ. 240 ವೋಲ್ಟು, 12 ಆಂಪಿಯರ್ ಎಂದಿದ್ದರೆ ಮೋಟಾರು ಎಳೆಯಬಲ್ಲ ಶಕ್ತಿ 2880 ವಾಟ್, ಅಂದರೆ ನಾಲ್ಕು ಅಶ್ವಶಕ್ತಿಗೂ ಕಡಿಮೆ. ಅದೇ ಪಂಪನ್ನು ಆರು ಅಶ್ವಶಕ್ತಿಯದು ಎಂದು ಜಾಹೀರಾತು ಹೇಳುತ್ತಿದ್ದರೆ, ಅದು ಮೋಟಾರು ಚಾಲೂ ಆಗುವ ಕ್ಷಣದ ಗರಿಷ್ಠ ಅಂಕಿಯೇ ಹೊರತು ನಿರಂತರವಾಗಿ ಓಡುವಾಗಿನದಲ್ಲ. ಪಕ್ಕದ ಹಲಗೆಯನ್ನು ಬಿಚ್ಚಿಸಿ ಈ ಫಲಕವನ್ನು ತೋರಿಸಿ ಎಂದು ಕೇಳಲು ಯಾವ ಸಂಕೋಚವೂ ಬೇಕಿಲ್ಲ. ಪ್ರಾಮಾಣಿಕ ಮಾರಾಟಗಾರರು ಸಂತೋಷದಿಂದಲೇ ಬಿಚ್ಚಿ ತೋರಿಸುತ್ತಾರೆ. ತೋರಿಸಲು ಒಪ್ಪದ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಲ್ಲುವ ಅಗತ್ಯವಿಲ್ಲ.

ಹಲಗೆ ಬಿಚ್ಚಿದಾಗ ಇನ್ನೂ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಟಬ್ಬಿನ ಪಂಪು, ಹೀಟರುಗಳನ್ನು ಆಡಿಸುವ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆಯನ್ನು ಹಲವು ತಯಾರಕರು ಬಲ್ಬೋವಾ ಅಥವಾ ಗೆಕೊ ಎಂಬ ಕಂಪನಿಗಳಿಂದ ಕೊಂಡು ಹಾಕುತ್ತಾರೆ. ಅಂಥ ಬಿಡಿಭಾಗಗಳು ಎಲ್ಲೆಡೆ ಸಿಗುವುದರಿಂದ ಯಾವ ಸ್ವತಂತ್ರ ತಂತ್ರಜ್ಞರೂ ರಿಪೇರಿ ಮಾಡಬಲ್ಲರು. ತಯಾರಕರೇ ತಮಗಾಗಿ ಮಾಡಿಸಿಕೊಂಡ ವಿಶೇಷ ಭಾಗಗಳಿರುವ ಟಬ್ಬುಗಳು ಕೆಟ್ಟವೆಂದೇನಲ್ಲ, ಆದರೆ ಅವುಗಳ ಮಾಲೀಕರು ಆ ಕಂಪನಿಯ ಡೀಲರನ್ನೇ ಕೊನೆತನಕ ಅವಲಂಬಿಸಬೇಕಾಗುತ್ತದೆ. ಎರಡನೆಯದು ಶಾಖನಿರೋಧನ, ಅಂದರೆ ಬಿಸಿ ಹೊರಹೋಗದಂತೆ ತಡೆಯುವ ಹೊದಿಕೆ. ಕೆಲವರು ತೊಟ್ಟಿಗೂ ಹೊರಗಿನ ಕವಚಕ್ಕೂ ನಡುವಿನ ಜಾಗವನ್ನೆಲ್ಲ ನೊರೆಯಂಥ ಫೋಮಿನಿಂದ ತುಂಬುತ್ತಾರೆ. ಇನ್ನು ಕೆಲವರು ಹೊರಗೋಡೆಗೆ ಮಾತ್ರ ಹಚ್ಚಿ ನಡುವೆ ಜಾಗ ಬಿಡುತ್ತಾರೆ. ಪೂರ್ತಿ ಫೋಮ್ ತುಂಬಿದ ಟಬ್ಬಿನಲ್ಲಿ ಕೊಳವೆಗಳು ಅಲುಗದೆ ಭದ್ರವಾಗಿರುತ್ತವೆ, ಬಿಸಿಯೂ ಉಳಿಯುತ್ತದೆ. ಆದರೆ ಎಲ್ಲಾದರೂ ಸೋರಿದರೆ ಫೋಮನ್ನು ಕೆರೆದು ತೆಗೆದು ಹುಡುಕಬೇಕು.

ಬಿಸಿ ಎಷ್ಟು ಸೋರುತ್ತದೆ ಎಂಬುದೇ ತಿಂಗಳ ಬಿಲ್ಲನ್ನು ನಿರ್ಧರಿಸುವುದರಿಂದ ಇದರ ಮೇಲೆ ಕೊಂಚ ಹೆಚ್ಚು ಗಮನವಿಡುವುದು ಯುಕ್ತ. ನೀರು ತುಂಬುವ ಹಬ್ಬದ ದಿನ ತುಂಬಿಸಿ ನರಕ ಚತುರ್ದಶಿಯ ನಸುಕಿನಲ್ಲಿ ಕಾಯಿಸುವ ಹಂಡೆ ಮನೆಮಂದಿಯ ಅಭ್ಯಂಜನ ಮುಗಿಯುವವರೆಗೆ ಬಿಸಿಯಿದ್ದರೆ ಸಾಕು. ಹಾಟ್ ಟಬ್ಬಾದರೋ ವರ್ಷದ ಎಲ್ಲ ದಿನವೂ ಬಿಸಿಯಾಗಿಯೇ ಇರಬೇಕಾದ ಹಂಡೆ. ಯಾರೂ ಬಳಸದಿರುವಾಗ ಬಿಸಿಯನ್ನು ಕಾಯ್ದುಕೊಳ್ಳಲು ಅದು ಎಳೆಯುವ ವಿದ್ಯುತ್ತಿಗೆ ಸ್ಟ್ಯಾಂಡ್‌ಬೈ ಶಕ್ತಿ ಎಂದು ಹೆಸರು. ಕ್ಯಾಲಿಫೋರ್ನಿಯಾ ರಾಜ್ಯವು ಇದಕ್ಕೆ ಕಾನೂನಿನ ಮಿತಿ ಹಾಕಿದೆ: ಹೊರಗೆ 60 ಡಿಗ್ರಿ ಫ್ಯಾರನ್‌ಹೀಟ್, ನೀರು 102 ಡಿಗ್ರಿ ಇರುವ ಪರೀಕ್ಷೆಯಲ್ಲಿ 350 ಗ್ಯಾಲನ್ನಿನ ಟಬ್ಬು ಸರಾಸರಿ ಸುಮಾರು 225 ವಾಟಿಗಿಂತ ಹೆಚ್ಚು ಎಳೆಯಬಾರದು. ಮಿತಿಯ ತುದಿಯಲ್ಲಿರುವ ಟಬ್ಬು ಸಹ ವರ್ಷಕ್ಕೆ ಎರಡು ಸಾವಿರ ಯೂನಿಟಿನ ಹತ್ತಿರ ಖರ್ಚು ಮಾಡುತ್ತದೆಂದಾಯಿತು. ಪರೀಕ್ಷೆಗೊಳಪಟ್ಟ ಮಾದರಿಗಳ ಅಂಕಿಗಳನ್ನು ಕ್ಯಾಲಿಫೋರ್ನಿಯಾ ಇಂಧನ ಆಯೋಗ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಬೇರೆ ರಾಜ್ಯದವರೂ ಅದನ್ನು ನೋಡಿ ಎರಡು ಮಾದರಿಗಳನ್ನು ಹೋಲಿಸಬಹುದು. ಬಿಸಿಯ ನಷ್ಟ ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರಕ್ಕೆ ತಕ್ಕಂತೆ ಏರುವುದರಿಂದ, ಶೂನ್ಯಕ್ಕಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಊರಿನಲ್ಲಿ ಅದೇ ಟಬ್ಬು ಚಳಿಯ ದಿನಗಳಲ್ಲಿ ಪರೀಕ್ಷೆಯ ಅಂಕಿಯ ಎರಡು ಪಟ್ಟಿಗೂ ಮಿಕ್ಕಿ ಎಳೆಯುತ್ತದೆ. ದಿನಕ್ಕೆ ಒಂದು ಕಾಫಿಯ ಬೆಲೆಯಷ್ಟೇ ಖರ್ಚು ಎಂದು ಮಾರಾಟಗಾರರು ಹೇಳಿದಾಗ, ಯಾವ ಊರಿನ ಚಳಿಗೆ, ಯೂನಿಟ್ಟಿಗೆ ಯಾವ ದರಕ್ಕೆ ಆ ಲೆಕ್ಕ ಎಂದು ಕೇಳಬೇಕು. ಮುಚ್ಚಳವೂ ಇದೇ ಲೆಕ್ಕಕ್ಕೆ ಸೇರಿದ್ದು: ಒಳಗಿನ ಫೋಮು ಆವಿ ಹೀರಿ ಹೀರಿ ಎತ್ತಲಾಗದಷ್ಟು ಭಾರವಾಯಿತೆಂದರೆ ಅದರ ನಿರೋಧನ ಶಕ್ತಿ ಮುಗಿಯಿತೆಂದೇ ಅರ್ಥ, ಕೆಲವು ವರ್ಷಕ್ಕೊಮ್ಮೆ ಹೊಸದು ಕೊಳ್ಳಲೇಬೇಕು.

ಇನ್ನು ಮಾರಾಟಗಾರರ ವಿಚಾರ. ಒಂದು ಊರಿನಲ್ಲಿ ಕಾಯಂ ಅಂಗಡಿಯಿಟ್ಟು ಒಂದೆರಡು ಬ್ರಾಂಡುಗಳನ್ನು ಮಾರುವ ಡೀಲರುಗಳು, ಕಾಸ್ಟ್‌ಕೊ ತರಹದ ದೊಡ್ಡ ಮಳಿಗೆಗಳು, ಇಂಟರ್‌ನೆಟ್ಟಿನಲ್ಲಿ ಮಾರಿ ಲಾರಿಯಲ್ಲಿ ಕಳಿಸುವವರು, ಮತ್ತು ಮೇಳದ ಮೈದಾನಗಳಲ್ಲಿ ವಾರಾಂತ್ಯಕ್ಕೆ ಡೇರೆ ಹಾಕಿ ಮುಂದಿನ ವಾರ ಇನ್ನೊಂದು ಊರಿಗೆ ಹೋಗುವ ಪ್ರದರ್ಶನ ಮಾರಾಟಗಾರರು ಈ ವ್ಯಾಪಾರದಲ್ಲಿದ್ದಾರೆ. ಕಾರು, ಫ್ರಿಜ್ಜುಗಳ ಹಾಗೆ ಎಲ್ಲರಿಗೂ ತಿಳಿದ ಬೆಲೆ ಈ ವ್ಯಾಪಾರದಲ್ಲಿ ಇಲ್ಲ. ಅನೇಕ ಡೀಲರುಗಳು ಫೋನಿನಲ್ಲಿ ಬೆಲೆ ಹೇಳುವುದಿಲ್ಲ. ಅಂಗಡಿಗೆ ಬಂದವರಿಗೆ ಮೊದಲು ಒಂದು ಎತ್ತರದ ಬೆಲೆ ತೋರಿಸಿ, ಆಮೇಲೆ ಸಾವಿರಗಟ್ಟಲೆ ಡಾಲರ್ ಇಳಿಸಿ, ಈ ಇಳಿಕೆ ಇವತ್ತು ಸಂಜೆಯವರೆಗೆ ಮಾತ್ರ ಎನ್ನುತ್ತಾರೆ. ಯಾರೂ ಎಂದೂ ಕೊಡದ ಕೃತಕ ಬೆಲೆಯನ್ನು ಹಳೆಯ ಬೆಲೆಯೆಂದು ತೋರಿಸಿ ಅದರಿಂದ ರಿಯಾಯಿತಿ ಕೊಟ್ಟಂತೆ ಮಾಡುವುದು ಮೋಸದ ಬೆಲೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಗಳೇ ಹೇಳುತ್ತವೆ. ಇಂದಿನ ಬೆಲೆ ನಾಳೆಗಿಲ್ಲ ಎಂಬ ಮಾತಿನ ಉದ್ದೇಶ ಒಂದೇ: ಇನ್ನೊಂದು ಅಂಗಡಿಗೆ ಹೋಗಿ ಹೋಲಿಸುವ ಸಮಯವನ್ನು ಕಸಿದುಕೊಳ್ಳುವುದು. ಮನೆಗೆ ಹೋಗಿ ಯೋಚಿಸಿ ಬರುತ್ತೇವೆ ಎಂದವರನ್ನು ಗೌರವದಿಂದ ಕಳಿಸಿಕೊಡುವ ಅಂಗಡಿ, ಟಬ್ಬು ಕೆಟ್ಟಾಗಲೂ ಅದೇ ಗೌರವ ತೋರುವ ಸಂಭವ ಹೆಚ್ಚು.

ಬೆಲೆಯ ಮಾತು ಬಂದಾಗ ಕೇಳಬೇಕಾದದ್ದು ಟಬ್ಬಿನ ಬೆಲೆಯೊಂದನ್ನೇ ಅಲ್ಲ. ಮುಚ್ಚಳ, ಮುಚ್ಚಳ ಎತ್ತುವ ತೋಳು, ಮೆಟ್ಟಿಲು, ಮೊದಲ ತಿಂಗಳುಗಳ ರಾಸಾಯನಿಕಗಳು, ಸಾಗಣೆ, ಜಾಗದಲ್ಲಿ ಕೂರಿಸುವುದು, ತೆರಿಗೆ, ಹಳೆಯ ಟಬ್ಬಿದ್ದರೆ ಅದನ್ನು ಒಯ್ಯುವುದು, ಎಲ್ಲವೂ ಸೇರಿದ ಒಂದೇ ಮೊತ್ತವನ್ನು ಮಾದರಿಯ ಹೆಸರು ಮತ್ತು ತಯಾರಿಕೆಯ ವರ್ಷದೊಂದಿಗೆ ಬರೆಸಿಕೊಳ್ಳಬೇಕು. ಚೌಕಾಸಿ ನಡೆಯಬೇಕಾದದ್ದು ಆ ಮೊತ್ತದ ಮೇಲೆ. ಟಬ್ಬಿನ ಬೆಲೆಯಲ್ಲಿ ಇಳಿಸಿದ್ದನ್ನು ಮುಚ್ಚಳದಲ್ಲಿ, ಸಾಗಣೆಯಲ್ಲಿ ವಾಪಸು ಪಡೆಯುವುದು ಹಳೆಯ ದಾರಿ. ಸಾಲದ ಕಾಗದಗಳಿಗೂ ಇದೇ ಎಚ್ಚರ ಬೇಕು. ಹನ್ನೆರಡೋ ಹದಿನೆಂಟೋ ತಿಂಗಳು ಬಡ್ಡಿಯಿಲ್ಲ ಎಂಬ ಕೊಡುಗೆಗಳಲ್ಲಿ ಹಲವು ಮುಂದೂಡಿದ ಬಡ್ಡಿಯ ಕೊಡುಗೆಗಳಾಗಿರುತ್ತವೆ, ಅಂದರೆ ಅವಧಿ ಮುಗಿದ ದಿನ ಸ್ವಲ್ಪವೇ ಬಾಕಿ ಉಳಿದಿದ್ದರೂ ಖರೀದಿಯ ಮೊದಲ ದಿನದಿಂದ ಲೆಕ್ಕ ಹಾಕಿದ ಬಡ್ಡಿ ಪೂರ್ತಿಯಾಗಿ ಬಂದು ಬೀಳುತ್ತದೆ. ಮುಂಗಡದ ಹಣ ಯಾವ ಸಂದರ್ಭದಲ್ಲಿ ವಾಪಸು ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದೂ ಬರಹದಲ್ಲಿರಬೇಕು. 2020 ಮತ್ತು 2021ರಲ್ಲಿ, ಕೋವಿಡ್ಡಿನಿಂದ ಮನೆಯಲ್ಲೇ ಉಳಿದವರು ಟಬ್ಬುಗಳಿಗೆ ಮುಗಿಬಿದ್ದಾಗ, ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾಯ್ದ ಕುಟುಂಬಗಳಿಗೆ ಈ ಒಂದು ಸಾಲಿನ ಬೆಲೆ ಚೆನ್ನಾಗಿ ತಿಳಿಯಿತು.

ಮೇಳಗಳಲ್ಲಿ ಕೊಳ್ಳುವವರಿಗೆ ಕಾನೂನು ಒಂದು ವಿಶೇಷ ರಕ್ಷಣೆ ಕೊಟ್ಟಿದೆ, ಅದು ಅನೇಕರಿಗೆ ಗೊತ್ತಿಲ್ಲ. ಫೆಡರಲ್ ಟ್ರೇಡ್ ಕಮಿಷನ್ನಿನ ಕೂಲಿಂಗ್ ಆಫ್ ನಿಯಮದ ಪ್ರಕಾರ, ಕೊಳ್ಳುವವರ ಮನೆಯಲ್ಲಿ ನಡೆದ 25 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಮಾರಾಟವನ್ನು, ಹಾಗೆಯೇ ಮೇಳದ ಮೈದಾನ, ಹೋಟೆಲು, ಸಮಾವೇಶ ಭವನಗಳಂಥ ತಾತ್ಕಾಲಿಕ ಜಾಗದಲ್ಲಿ ನಡೆದ 130 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಮಾರಾಟವನ್ನು ಮೂರನೆಯ ವ್ಯವಹಾರ ದಿನದ ಮಧ್ಯರಾತ್ರಿಯವರೆಗೆ, ಕಾರಣ ಹೇಳದೆಯೂ, ರದ್ದು ಮಾಡಬಹುದು. ವ್ಯವಹಾರ ದಿನಗಳ ಲೆಕ್ಕದಲ್ಲಿ ಶನಿವಾರ ಸೇರುತ್ತದೆ. ಭಾನುವಾರವೂ ಫೆಡರಲ್ ರಜಾದಿನಗಳೂ ಸೇರುವುದಿಲ್ಲ. ಮಾರಾಟಗಾರರು ಈ ಹಕ್ಕಿನ ಬಗ್ಗೆ ಮಾರಾಟದ ಹೊತ್ತಿನಲ್ಲೇ ತಿಳಿಸಿ, ರದ್ದತಿಯ ನಮೂನೆಯ ಎರಡು ಪ್ರತಿಗಳನ್ನು ಕೊಡಬೇಕು. ಮಾರಾಟಗಾರರ ಕಾಯಂ ಅಂಗಡಿಯಲ್ಲಿಯೇ ನಡೆದ ವ್ಯಾಪಾರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಸಹಿ ಹಾಕಿದ ಮೇಲೆ ಒಪ್ಪಂದದಲ್ಲಿ ಏನಿದೆಯೋ ಅದೇ ಗತಿ. ಮೂರು ದಿನದೊಳಗೆ ರದ್ದು ಮಾಡುವ ಈ ಹಕ್ಕು ಎಲ್ಲ ಖರೀದಿಗೂ ಇದೆಯೆಂದು ಭಾವಿಸಿ ಶೋರೂಮಿನಲ್ಲಿ ಆತುರದಿಂದ ಸಹಿ ಹಾಕುವವರು ನಿಜಕ್ಕೂ ಕಷ್ಟಕ್ಕೆ ಸಿಲುಕುತ್ತಾರೆ.

ವಾರಂಟಿಯ ಕಾಗದವನ್ನು ಹಣ ಕೊಡುವ ಮೊದಲೇ ಓದಬೇಕು. 1975ರ ಮ್ಯಾಗ್ನಸನ್ ಮಾಸ್ ವಾರಂಟಿ ಕಾಯಿದೆಯಡಿ 15 ಡಾಲರಿಗಿಂತ ಹೆಚ್ಚು ಬೆಲೆಯ ಗೃಹಬಳಕೆಯ ವಸ್ತುವಿನ ಲಿಖಿತ ವಾರಂಟಿ ಮಾರಾಟಕ್ಕೆ ಮೊದಲೇ ಓದಲು ಸಿಗಬೇಕು, ಆದ್ದರಿಂದ ಟಬ್ಬಿನ ಜೊತೆಗೆ ಬರುತ್ತದೆ ಎಂಬ ಉತ್ತರ ಸಲ್ಲದು. ಇಪ್ಪತ್ತು ವರ್ಷ ಎಂದು ಫಲಕದಲ್ಲಿ ದೊಡ್ಡದಾಗಿ ಬರೆದಿರುವ ಅವಧಿ ಬಹುತೇಕ ತೊಟ್ಟಿಯ ಕವಚಕ್ಕೆ ಮಾತ್ರ ಸೇರಿರುತ್ತದೆ. ಅದರ ಮೇಲ್ಮೈಗೆ, ಕೊಳವೆಗಳಿಗೆ, ಪಂಪು ಮತ್ತು ಹೀಟರುಗಳಿಗೆ, ರಿಪೇರಿಯವರ ಕೂಲಿಗೆ ಬೇರೆ ಬೇರೆ ಅವಧಿಗಳಿರುತ್ತವೆ, ಮತ್ತು ಬೇಗ ಕೆಡುವ ಭಾಗಗಳಿಗೇ ಅವಧಿ ಚಿಕ್ಕದು. ತಂತ್ರಜ್ಞರು ಬಂದುಹೋಗುವ ದೂರಕ್ಕೆ ಹಣ ಯಾರು ಕೊಡುತ್ತಾರೆ ಎಂಬ ಸಾಲು ಇದೆಯೇ ಎಂದು ಹುಡುಕಬೇಕು. ನಮ್ಮ ಅಂಗಡಿಯ ರಾಸಾಯನಿಕಗಳನ್ನೇ ಬಳಸದಿದ್ದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಒಂದು ನಿರ್ದಿಷ್ಟ ಬ್ರಾಂಡಿನ ವಸ್ತುವನ್ನು ಉಚಿತವಾಗಿ ಕೊಡದೆ ಅದನ್ನೇ ಬಳಸಬೇಕೆಂದು ವಾರಂಟಿಗೆ ಷರತ್ತು ಹಾಕುವುದನ್ನು, ವಿಶೇಷ ವಿನಾಯಿತಿ ಪಡೆದಿಲ್ಲದಿದ್ದರೆ, ಅದೇ ಕಾಯಿದೆ ತಡೆಯುತ್ತದೆ. ಹಾಗೆಂದು ನೀರಿನ ಹದ ಕೆಡಿಸಿ ಹೀಟರು ತುಕ್ಕು ಹಿಡಿದರೆ ಯಾವ ತಯಾರಕರೂ ಹೊಣೆ ಹೊರುವುದಿಲ್ಲ, ಅದು ನ್ಯಾಯವೂ ಹೌದು.

ವಾರಂಟಿ ಎಷ್ಟು ಉದಾರವಾಗಿದ್ದರೂ ಅದನ್ನು ನಡೆಸಿಕೊಡುವವರು ಊರಿನಲ್ಲಿ ಇಲ್ಲದಿದ್ದರೆ ಅದು ಬರೀ ಕಾಗದ. ಆದಕಾರಣ ಡೀಲರಿಗೆ ಸ್ವಂತ ತಂತ್ರಜ್ಞರಿದ್ದಾರೆಯೇ, ಚಳಿಗಾಲದ ನಡುವೆ ಪಂಪು ನಿಂತರೆ ಎಷ್ಟು ದಿನದಲ್ಲಿ ಬರುತ್ತಾರೆ, ಬಿಡಿಭಾಗಗಳನ್ನು ಅಂಗಡಿಯಲ್ಲೇ ಇಟ್ಟಿರುತ್ತಾರೆಯೇ ಎಂದು ಕೇಳಬೇಕು. ಕೊಳ್ಳುವ ಮೊದಲು ಅವರ ಸರ್ವಿಸ್ ವಿಭಾಗಕ್ಕೇ ಒಮ್ಮೆ ಫೋನ್ ಮಾಡಿ ಯಾರು ಎತ್ತುತ್ತಾರೆ, ಹೇಗೆ ಮಾತಾಡುತ್ತಾರೆ ಎಂದು ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಒಳ್ಳೆಯ ಸರ್ವಿಸ್ ಇರುವ ಸ್ಥಳೀಯ ಡೀಲರಿಗೆ ಇಂಟರ್‌ನೆಟ್ಟಿನ ಬೆಲೆಗಿಂತ ಒಂದೆರಡು ಸಾವಿರ ಡಾಲರ್ ಹೆಚ್ಚು ಕೊಡುವುದು, ಮೊದಲ ಬಾರಿ ಕೊಳ್ಳುವವರ ಮಟ್ಟಿಗೆ, ನಷ್ಟವೆನಿಸದು. ಈ ವ್ಯಾಪಾರದಲ್ಲಿ ಒತ್ತಾಯದ ಮಾರಾಟ ಎಷ್ಟಿದೆಯೋ, ಹಿಮ ಬೀಳುವ ಜನವರಿಯಲ್ಲಿ ಕೊಳವೆ ಹೆಪ್ಪುಗಟ್ಟುವ ಮೊದಲು ಓಡಿಬಂದು ಕೈಯಿಟ್ಟು ಸರಿಪಡಿಸುವ ಚಿಕ್ಕ ಕುಟುಂಬಗಳ ಅಂಗಡಿಗಳೂ ಅಷ್ಟೇ ಇವೆ. ಅವರನ್ನು ಮೊದಲನೆಯವರ ಸಾಲಿಗೆ ಸೇರಿಸಿ ಅನುಮಾನಿಸುವುದು ಅನ್ಯಾಯ.

ಕೊಳ್ಳುವ ಮೊದಲು ನೀರು ತುಂಬಿದ ಟಬ್ಬಿನಲ್ಲಿ ಕೂತು ನೋಡುವುದಕ್ಕೆ ವೆಟ್ ಟೆಸ್ಟ್ ಎನ್ನುತ್ತಾರೆ. ಒಣ ಟಬ್ಬಿನಲ್ಲಿ ಹಿತವೆನಿಸಿದ ಒರಗುವ ಆಸನ ನೀರು ತುಂಬಿದಾಗ ಕುಳ್ಳಗಿರುವವರನ್ನು ತೇಲಿಸಿಬಿಡುತ್ತದೆ, ಎತ್ತರದವರ ಭುಜ ಚಳಿಗೆ ತೆರೆದುಕೊಳ್ಳುತ್ತದೆ; ಕೂತಲ್ಲದೆ ಇದು ತಿಳಿಯದು. ಪರೀಕ್ಷೆಗೆ ಮೊದಲು ಆ ನೀರಿನ ಕ್ಲೋರೀನನ್ನು ಪಟ್ಟಿ ಅದ್ದಿ ತೋರಿಸಲು ಕೇಳುವುದು ಅವಮಾನದ ಮಾತಲ್ಲ. ಬೆಚ್ಚನೆಯ, ಸರಿಯಾಗಿ ಶುದ್ಧಗೊಳ್ಳದ ನೀರಿನಲ್ಲಿ ಲೀಜನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಜೆಟ್ಟುಗಳು ಎಬ್ಬಿಸುವ ಸೂಕ್ಷ್ಮ ಹನಿಗಳ ಮೂಲಕ ಅದು ಶ್ವಾಸಕೋಶ ಸೇರಿ ತೀವ್ರ ನ್ಯುಮೋನಿಯ ತರುತ್ತದೆ. 1999ರಲ್ಲಿ ನೆದರ್‌ಲೆಂಡ್ಸಿನ ಬೋವನ್‌ಕಾರ್ಸ್ಪೆಲ್ ಊರಿನ ಹೂವಿನ ಮೇಳದಲ್ಲಿ ಪ್ರದರ್ಶನಕ್ಕಿಟ್ಟ ಟಬ್ಬಿನಿಂದ ಹಬ್ಬಿದ ಈ ರೋಗಕ್ಕೆ 32 ಜನ ಬಲಿಯಾದರು. 2019ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಫ್ಲೆಚರ್ ಊರಿನ ಮೇಳದಲ್ಲಿ ನೂರಮೂವತ್ತಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು ನಾಲ್ವರು ಸತ್ತಾಗ, ತನಿಖೆ ಬೊಟ್ಟು ಮಾಡಿದ್ದು ಅಲ್ಲಿನ ಹಾಟ್ ಟಬ್ ಮಳಿಗೆಯ ಕಡೆಗೆ. ಅವರಲ್ಲಿ ಅನೇಕರು ನೀರಿಗೆ ಇಳಿದವರಲ್ಲ, ಟಬ್ಬುಗಳ ಪಕ್ಕದಲ್ಲಿ ನಡೆದುಹೋದವರು.

ಈ ಕಾರಣಕ್ಕೇ, ರಾಸಾಯನಿಕವೇ ಬೇಡದ ಟಬ್ಬು ಎಂಬ ಮಾರಾಟದ ಮಾತು ಅಪಾಯಕಾರಿ. ಓಜೋನ್ ಯಂತ್ರ, ಅತಿನೇರಳೆ ದೀಪ, ಖನಿಜದ ಕಡ್ಡಿ ಇವೆಲ್ಲ ನೆರವಿನ ಸಾಧನಗಳು. ನೀರಿನಲ್ಲೇ ಉಳಿದು ರೋಗಾಣುಗಳನ್ನು ಕೊಲ್ಲುವ ಕ್ಲೋರೀನ್ ಅಥವಾ ಬ್ರೋಮೀನಿನ ಜಾಗವನ್ನು ಅವು ತುಂಬಲಾರವು. ಉಪ್ಪಿನ ವ್ಯವಸ್ಥೆ ಎಂದು ಮಾರುವ ಯಂತ್ರವೂ ಉಪ್ಪಿನಿಂದ ತಯಾರಿಸುವುದು ಕ್ಲೋರೀನನ್ನೇ ಅಥವಾ ಬ್ರೋಮೀನನ್ನೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಟಬ್ಬಿನ ನೀರಿನಲ್ಲಿ ಕ್ಲೋರೀನು ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 3 ಭಾಗ, ಬ್ರೋಮೀನಾದರೆ 4ರಿಂದ 8 ಭಾಗ ಇರಬೇಕೆನ್ನುತ್ತದೆ; ನೀರಿನ ಹುಳಿ ಮತ್ತು ಕ್ಷಾರಗಳ ಹದವನ್ನು ಸೂಚಿಸುವ ಪಿಎಚ್ 7.0ರಿಂದ 7.8ರ ನಡುವೆ ಇರಬೇಕು. ಮೈಯ ಬೆವರು, ಸಾಬೂನು, ಲೋಷನ್ನುಗಳು ಕ್ಲೋರೀನನ್ನು ತಿಂದುಹಾಕುವುದರಿಂದ ಇಳಿಯುವ ಮೊದಲು ಮೈ ತೊಳೆದುಕೊಳ್ಳಬೇಕು. ಎಣ್ಣೆಸ್ನಾನದ ಅಭ್ಯಾಸವಿರುವ ಕನ್ನಡದ ಮನೆಗಳಲ್ಲಿ ಇದಕ್ಕೊಂದು ಸೇರಿಕೆಯಿದೆ: ಹರಳೆಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡ ದಿನ ಸೀಗೆಪುಡಿಯಿಂದ ಎಷ್ಟು ತಿಕ್ಕಿದರೂ ತಲೆಯಲ್ಲಿ ಉಳಿಯುವ ಜಿಡ್ಡು ನೀರಿನಲ್ಲಿ ನೊರೆಯೆಬ್ಬಿಸಿ ಫಿಲ್ಟರನ್ನು ಕಟ್ಟಿಸುವುದರಿಂದ ಅಂದು ಟಬ್ಬಿಗೆ ಇಳಿಯದಿರುವುದು ಲೇಸು. ನೀರನ್ನು ಯಾವಾಗ ಬದಲಿಸಬೇಕೆಂಬುದಕ್ಕೆ ಈ ಉದ್ಯಮದಲ್ಲಿ ಒಂದು ಸರಳ ಸೂತ್ರ ಬಳಕೆಯಲ್ಲಿದೆ: ಗ್ಯಾಲನ್ನುಗಳ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ದಿನಕ್ಕೆ ಎಷ್ಟು ಜನ ಇಳಿಯುತ್ತಾರೋ ಅದರಿಂದ ಮತ್ತೆ ಭಾಗಿಸಿದರೆ ದಿನಗಳ ಲೆಕ್ಕ ಸಿಗುತ್ತದೆ. 350 ಗ್ಯಾಲನ್ನಿನ ಟಬ್ಬಿಗೆ ದಿನವೂ ಇಬ್ಬರು ಇಳಿದರೆ ಸುಮಾರು ಎರಡು ತಿಂಗಳು.

ನೀರಿನ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಬಾರದು. ಬಸುರಿಯರು ವೈದ್ಯರನ್ನು ಕೇಳದೆ ಇಳಿಯಬಾರದು. ಊರಿನಿಂದ ಆರು ತಿಂಗಳಿಗೆಂದು ಬಂದಿರುವ ತಂದೆತಾಯಿಗಳ ಮಂಡಿನೋವಿಗೆ ಒಳ್ಳೆಯದಾಗಲಿ ಎಂದು ಟಬ್ಬು ಕೊಳ್ಳುವ ಮಕ್ಕಳು ಅಮೆರಿಕದಲ್ಲಿ ಇಲ್ಲದಿಲ್ಲ. ಬಿಸಿನೀರು ರಕ್ತನಾಳಗಳನ್ನು ಹಿಗ್ಗಿಸಿ ರಕ್ತದ ಒತ್ತಡ ಇಳಿಸುವುದರಿಂದ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಏಳುವಾಗ ತಲೆಸುತ್ತು ಬಂದು ಬೀಳುವ ಅಪಾಯವಿದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಬಿಸಿ ಹೆಚ್ಚಾದದ್ದು ತಿಳಿಯುವುದೇ ಇಲ್ಲ. ಅಂಥವರಿಗಾಗಿ ಕೊಳ್ಳುವವರು ಜೆಟ್ಟುಗಳಿಗಿಂತ ಮೊದಲು ಹಿಡಿಕೆಯನ್ನೂ ಒಳಮೆಟ್ಟಿಲನ್ನೂ ನೋಡಬೇಕು, ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕು.

ಹಳೆಯ ಟಬ್ಬು ಕೊಳ್ಳುವುದು ಅಗ್ಗದ ದಾರಿಯೆನಿಸಿದರೂ ಮೊದಲ ಬಾರಿಯವರಿಗೆ ಅದು ಹೇಳಿದ್ದಲ್ಲ. ನೀರು ಖಾಲಿಯಾಗಿ ಚಳಿಯಲ್ಲಿ ಬಿದ್ದಿದ್ದ ಟಬ್ಬಿನ ಕೊಳವೆಗಳು ಒಳಗೇ ಬಿರಿತಿರುತ್ತವೆ, ಅದು ನೀರು ತುಂಬಿ ಓಡಿಸದೆ ತಿಳಿಯದು. ಹಾಗಾಗಿ ನೀರು ತುಂಬಿ, ಬಿಸಿಯಾಗಿ, ಓಡುತ್ತಿರುವ ಸ್ಥಿತಿಯಲ್ಲಿ ನೋಡಿದ ಟಬ್ಬನ್ನು ಮಾತ್ರ ಕೊಳ್ಳಬೇಕು. ಅದರ ತಳದ ನೀರುಹೀರುವ ಕಂಡಿಯ ಮುಚ್ಚಳವೂ ಮುಖ್ಯ. 2002ರಲ್ಲಿ ವರ್ಜೀನಿಯಾದಲ್ಲಿ, ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ಟಬ್ಬಿನ ಕಂಡಿಯ ಸೆಳೆತಕ್ಕೆ ಸಿಕ್ಕಿ ನೀರಿನಡಿಯಲ್ಲೇ ಪ್ರಾಣ ಬಿಟ್ಟಳು. 2007ರಲ್ಲಿ ಆಕೆಯ ಹೆಸರಿನಲ್ಲೇ ಬಂದ ಕಾಯಿದೆ ಇಂಥ ಮುಚ್ಚಳಗಳಿಗೆ ಸುರಕ್ಷತೆಯ ಮಾನದಂಡ ವಿಧಿಸಿತು. ಅದಕ್ಕಿಂತ ಹಿಂದಿನ ಟಬ್ಬುಗಳಲ್ಲಿ ಆ ಮುಚ್ಚಳವನ್ನು ಬದಲಿಸಿದ್ದಾರೆಯೇ ಎಂದು ನೋಡದೆ ಮಕ್ಕಳಿರುವ ಮನೆಗೆ ತರಬಾರದು.

ಹೊಸ ಟಬ್ಬು ಬಂದಿಳಿದ ದಿನ ಲಾರಿಯವರು ನೀಡುವ ರಸೀದಿಗೆ ಸಹಿ ಹಾಕುವ ಮೊದಲು ಸುತ್ತು ಕಟ್ಟಿದ ಹಾಳೆಗಳನ್ನೆಲ್ಲ ಬಿಚ್ಚಿಸಿ ನೋಡಬೇಕು. ಗೀರು, ಬಿರುಕು, ಮುರಿದ ಮೂಲೆ ಏನೇ ಕಂಡರೂ ಆ ರಸೀದಿಯ ಮೇಲೆಯೇ ಬರೆದು ಫೋಟೊ ತೆಗೆದಿಡಬೇಕು, ಏಕೆಂದರೆ ಸ್ವಚ್ಛ ರಸೀದಿಗೆ ಸಹಿ ಬಿದ್ದ ಮೇಲೆ ಸಾಗಣೆಯವರೂ ಡೀಲರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುವುದು ಸಾಮಾನ್ಯ. ಮಾದರಿ ಮತ್ತು ಸರಣಿ ಸಂಖ್ಯೆಗಳು ಒಪ್ಪಂದದಲ್ಲಿರುವಂತೆಯೇ ಇವೆಯೇ ಎಂದೂ ತಾಳೆ ನೋಡಬೇಕು. ನೀರು ತುಂಬಿ ಒಂದೆರಡು ದಿನ ಓಡಿ, ಸೋರಿಕೆಯಿಲ್ಲವೆಂದೂ ಬ್ರೇಕರ್ ಬೀಳುತ್ತಿಲ್ಲವೆಂದೂ ಖಚಿತವಾದ ಮೇಲೆಯೇ ಕೊನೆಯ ಕಂತು ಸಲ್ಲುತ್ತದೆ ಎಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಲು ಹಲವು ಡೀಲರುಗಳು ಒಪ್ಪುತ್ತಾರೆ, ಆದರೆ ಅದನ್ನು ಸಹಿಗೆ ಮುಂಚೆ ಕೇಳಿದವರಿಗೆ ಮಾತ್ರ.